ನನ್ನ ಕಾಲು ಭಾರಿ ಜೋರುಂಟು

ನಮ್ಮ ಮಂಗಳೂರಿನಲ್ಲಿ ಜೋರು ಎಂಬ ಶಬ್ದಕ್ಕೆ ಇಷ್ಟೇ ಅರ್ಥ ಎಂದು ಗೆರೆ ಎಳೆಯಲು ಆಗುವುದಿಲ್ಲ. ಮಳೆ ಜೋರು ಬರುತ್ತದೆ, ಮದುವೆ ಜೋರಾಗುತ್ತದೆ, ಹೊಸ ಸೀರೆ ಉಟ್ಟು ಹೊರಟರೆ ಪಕ್ಕದ ಮನೆಯವರು ‘ಎಂತ, ಇವತ್ತು ಜೋರುಂಟಲ್ಲ?’ ಎನ್ನುತ್ತಾರೆ. ಬಾಯಿ ಗಟ್ಟಿಯಿರುವ ಹೆಂಗಸಾದರೆ ‘ಅವಳು ಭಾರಿ ಜೋರು’ ಎಂದು ಹೇಳುತ್ತಾರೆ. ಅದರಲ್ಲಿ ಅರ್ಧ ದೂರು, ಅರ್ಧ ಮೆಚ್ಚುಗೆ. ಮದುವೆಯಾಗಿ ಶಕ್ತಿನಗರದ ಈ ಮನೆಗೆ ಬಂದಂದಿನಿಂದ ನನಗೆ ಆ ಹೆಸರು ಅಂಟಿಕೊಂಡಿದೆ, ನಾನೂ ಅದನ್ನು ಬಿಡಿಸಿಕೊಳ್ಳಲು ಹೋದವಳಲ್ಲ. ಆದರೆ ಅದೇ ಶಬ್ದ ಒಮ್ಮೆ ನಮ್ಮ ಇಡೀ ಮನೆಯನ್ನು ಚೆನ್ನಾಗಿ ಏಮಾರಿಸಿತು. ಕೈಕಾಲು ಹೇಳಿದ ಮಾತು ಕೇಳದೆ ಹೆದರಿ ಕೂತವರು ಎಲ್ಲಿಯಾದರೂ ಇದ್ದರೆ, ಇದನ್ನು ಓದಿ ನನ್ನ ಜೊತೆ ಸ್ವಲ್ಪ ನಗಲಿ ಎಂದು ಬರೆಯುತ್ತಿದ್ದೇನೆ.

ನನ್ನ ಕೆಲಸ ಹೆಂಗಸರಿಗೆ ಕಾರು ಬಿಡಲು ಕಲಿಸುವುದು. ಒಂದೇ ಕಾರಿನ ಸಣ್ಣ ಡ್ರೈವಿಂಗ್ ಸ್ಕೂಲು. ಕಲಿಯುವವರು ಬಲಗಡೆ, ನಾನು ಎಡಗಡೆ. ನನ್ನ ಕಾಲಿನ ಬುಡದಲ್ಲಿ ಇನ್ನೊಂದು ಜೊತೆ ಬ್ರೇಕ್, ಕ್ಲಚ್. ಅವರು ಗಾಬರಿಯಲ್ಲಿ ಎಕ್ಸಲರೇಟರ್ ತುಳಿದರೆ ನಾನು ಈ ಕಡೆಯಿಂದ ಬ್ರೇಕ್ ಒತ್ತಬೇಕು. ಬಾಯಿ ಬೈಯುತ್ತಿರುತ್ತದೆ, ಕಾಲು ತನ್ನ ಪಾಡಿಗೆ ಕಾಯುತ್ತಿರುತ್ತದೆ. ನನ್ನ ಆ ಕಾಲನ್ನು ನಂಬಿಯೇ ಅವರೆಲ್ಲ ಕೀ ತಿರುಗಿಸುವುದು.

ಮನೆಯಲ್ಲಿ ನಾವು ಮೂವರು. ನಮ್ಮವರು ದಿನೇಶ್, ಮಸ್ಕತ್ತಿನ ಒಂದು ಸೂಪರ್ ಮಾರ್ಕೆಟಿನ ಸ್ಟೋರಿನಲ್ಲಿ ಬಹಳ ವರ್ಷ ದುಡಿದು ಈಗ ಊರಿಗೆ ಬಂದಿದ್ದಾರೆ. ಅಲ್ಲಿ ಕಂಪೆನಿಯ ವ್ಯಾನಿನಲ್ಲಿ ಹಿಂದೆ ಕೂತು ಅಭ್ಯಾಸವಾದವರು, ಕಾರಿನ ಸ್ಟಿಯರಿಂಗ್ ಮುಟ್ಟಿದವರೇ ಅಲ್ಲ. ‘ಡ್ರೈವಿಂಗ್ ಸ್ಕೂಲಿನ ಮಾಲಕಿಯ ಗಂಡ ಬಸ್ಸಿಗೆ ಕಾಯುವುದು ಚಂದವಾ?’ ಎಂದು ಕೇಳಿದರೆ, ‘ನಿನ್ನ ಹತ್ರ ಕಲಿಯುವುದಕ್ಕಿಂತ ಬಸ್ಸಿನಲ್ಲಿ ನೇತಾಡುವುದು ಸುಖ’ ಎಂಬ ಉತ್ತರ. ಮೂರನೆಯವರು ಮಾಮಿ, ಅಂದರೆ ನನ್ನ ಅತ್ತೆ. ಅವರ ಬಾಯಿಯ ಮುಂದೆ ನನ್ನ ಜೋರೆಲ್ಲ ಬಾಲಪಾಠ.

ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರೂ ಒಂದು ತುಳು ಶಬ್ದವನ್ನು ಮಾತ್ರ ಹಾಗೆಯೇ ಇಡಬೇಕು. ತುಳುವಿನಲ್ಲಿ ಕಾಲಿಗೆ ಕಾರ್ ಎನ್ನುತ್ತೇವೆ. ಓಡಿಸುವ ಕಾರಿಗೂ ಕಾರ್ ಎಂದೇ. ಹಾಗಾಗಿ ‘ಕಾರ್ ಎಂಚ ಉಂಡು?’ ಎಂದು ಯಾರಾದರೂ ಕೇಳಿದರೆ, ಕಾಲು ಹೇಗಿದೆ ಎಂದು ಕೇಳಿದರೋ ಕಾರು ಹೇಗಿದೆ ಎಂದು ಕೇಳಿದರೋ ನೋಡಿಕೊಂಡು ಉತ್ತರ ಕೊಡಬೇಕು. ನಮ್ಮ ಮನೆಯಲ್ಲಿ ಮುಂದೆ ಈ ಎರಡು ಕಾರ್ ಒಂದಕ್ಕೊಂದು ಸಿಕ್ಕಿಹಾಕಿಕೊಂಡವು.

ಮೊದಲು ಹೋದದ್ದು ಚಪ್ಪಲಿ. ಮೀನು ಮಾರ್ಕೆಟಿನಲ್ಲಿ ಬಂಗುಡೆ ತೆಗೆದುಕೊಂಡು ಬರುವಾಗ ಮೀನಿನ ಹೆಂಗಸು ಹಿಂದಿನಿಂದ ಕೂಗಿದಳು: ‘ಓ ಅಕ್ಕಾ, ಒಂದು ಚಪ್ಪಲಿ ನನಗೆ ಬಿಟ್ಟು ಹೋಗ್ತೀರಾ?’ ತಿರುಗಿ ನೋಡಿದರೆ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಬಿದ್ದಿದೆ, ನಾನು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ಅಷ್ಟು ದೂರ ಬಂದಿದ್ದೇನೆ. ನೆಲದ ತಂಪು ನನಗೆ ತಿಳಿದೇ ಇರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಬಂಗುಡೆಯ ಮುಳ್ಳು ಬಿಡಿಸಲು ಬೆರಳು ಸರಿಯಾಗಿ ಕೂಡಲಿಲ್ಲ. ಅದನ್ನು ಯಾರಿಗೂ ಹೇಳದೆ ಸಾರು ಮಾತ್ರ ಕಲಸಿ ಉಂಡೆ.

ಆಮೇಲೆ ಬ್ಲೌಸಿನ ಹುಕ್ಕು ಹಾಕುವುದು ದೊಡ್ಡ ಕೆಲಸವಾಯಿತು. ಮೆಟ್ಟಿಲು ಇಳಿಯುವಾಗ ಕಾಲು ಮರದ ಕೊರಡಿನ ಹಾಗೆ ಸೆಟೆದುಕೊಳ್ಳುತ್ತಿತ್ತು. ವಯಸ್ಸು ಐವತ್ತು ದಾಟಿತಲ್ಲ, ವಾಯು ಇರಬೇಕು ಎಂದು ಮಾಮಿ ಎಣ್ಣೆ ತಿಕ್ಕಿದರು. ಒಂದು ದಿನ ದೇರೆಬೈಲಿನ ಏರಿನಲ್ಲಿ ಕಲಿಯುವವಳೊಬ್ಬಳ ಕಾರು ಹಿಂದೆ ಜಾರತೊಡಗಿತು. ನಾನು ನನ್ನ ಕಡೆಯ ಬ್ರೇಕ್ ಒತ್ತಿದೆ. ಕಾರು ನಿಂತಿತು, ಆದರೆ ಪೆಡಲಿನ ಮೇಲಿದ್ದ ನನ್ನ ಪಾದ ಟಕಟಕಟಕ ಎಂದು ತನ್ನಷ್ಟಕ್ಕೆ ಕುಣಿಯಲು ಶುರುಮಾಡಿತು. ನಿಲ್ಲು ಎಂದರೆ ನಿಲ್ಲುವುದಿಲ್ಲ. ಬ್ರೇಕಿನ ಜೊತೆ ಕಾರೂ ಸಣ್ಣಗೆ ತೂಗಾಡಿತು. ಕಲಿಯುವವಳು ನನ್ನ ಮುಖ ನೋಡಿ, ‘ಮೇಡಂ, ನೀವೇ ಹೆದರಿದ್ರೆ ನಾನು ಎಂತ ಮಾಡುವುದು?’ ಎಂದು ಅಳತೊಡಗಿದಳು. ನಾನು ಹೆದರಿರಲಿಲ್ಲ. ನನ್ನ ಕಾಲು ನನ್ನದಲ್ಲ ಎಂದು ಅನಿಸಿದ ಮೇಲೆಯೇ ಹೆದರಿಕೆ ಶುರುವಾದದ್ದು.

ನಮ್ಮ ರಸ್ತೆಯ ಕ್ಲಿನಿಕ್ಕಿಗೆ ಆಗ ತಾನೆ ದಾವಣಗೆರೆ ಕಡೆಯ ಒಬ್ಬ ಚಿಕ್ಕ ಪ್ರಾಯದ ಡಾಕ್ಟರು ಬಂದಿದ್ದರು. ಬಹಳ ಒಳ್ಳೆಯ ಮನುಷ್ಯ. ನಮ್ಮ ಕಡೆಯ ಕನ್ನಡ ಕಲಿಯಬೇಕೆಂದು ಅವರಿಗೆ ಭಾರಿ ಉಮೇದು. ಬಂದವರನ್ನೆಲ್ಲ ‘ಎಂತ ಮಾರಾಯ್ರೆ?’ ಎಂದು ಕೇಳಿ ತಾವೇ ನಗುತ್ತಿದ್ದರು. ಅವರು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಕಾಲು ಇಳಿಬಿಡಲು ಹೇಳಿ, ರಬ್ಬರಿನ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ಮೆಲ್ಲಗೆ ತಟ್ಟಿದರು. ನನ್ನ ಕಾಲು ಎಷ್ಟು ಮೇಲೆ ಹಾರಿತೆಂದರೆ ಅವರ ಮೇಜಿನ ಮೇಲಿದ್ದ ಪೆನ್ ಸ್ಟ್ಯಾಂಡ್ ಉರುಳಿಬಿದ್ದಿತು. ಡಾಕ್ಟರು ಇನ್ನೊಂದು ಕಾಲಿಗೆ ತಟ್ಟಿದರು. ಅದೂ ಹಾಗೆಯೇ. ಅವರ ಮುಖ ಗಂಭೀರವಾಯಿತು, ಆದರೆ ಬಾಯಿಂದ ಬಂದದ್ದು ಹೊಸದಾಗಿ ಕಲಿತ ನಮ್ಮ ಭಾಷೆ.

‘ರಿಫ್ಲೆಕ್ಸ್ ಭಾರಿ ಜೋರುಂಟು ಅಮ್ಮಾ. ಒಮ್ಮೆ ನರದ ಡಾಕ್ಟ್ರಿಗೆ ತೋರಿಸಿಬಿಡಿ, ತಡ ಮಾಡ್ಬೇಡಿ.’

ಬಾಗಿಲಲ್ಲಿ ನಿಂತಿದ್ದ ನಮ್ಮವರಿಗೆ ಕೇಳಿಸಿದ್ದು ಮೊದಲಿನ ವಾಕ್ಯ ಮಾತ್ರ. ನಿಜ ಹೇಳಬೇಕೆಂದರೆ ನನಗೂ ಅಷ್ಟೇ. ಹೊರಗೆ ಬಂದವರೇ ಫೋನು ತೆಗೆದು ದೇರೆಬೈಲಿನಲ್ಲಿರುವ ತಮ್ಮ ತಂಗಿಗೆ ಹೇಳಿದರು: ‘ಎಂತ ತೊಂದರೆ ಇಲ್ಲ ಮಾರಾಯ್ತಿ, ರಿಫ್ಲೆಕ್ಸ್ ಭಾರಿ ಜೋರುಂಟಂತೆ!’ ತಂಗಿ ಅದನ್ನು ಇನ್ನಷ್ಟು ಜನರಿಗೆ ಹೇಳಿದಳು. ಸಂಜೆಯೊಳಗೆ ನಮ್ಮ ಕುಟುಂಬದಲ್ಲಿ ನನ್ನ ರಿಫ್ಲೆಕ್ಸ್ ಎಲ್ಲರ ಬಾಯಲ್ಲಿ. ಮಾಮಿ ಒಬ್ಬರೇ, ‘ಅವಳದ್ದು ಯಾವುದು ಜೋರಿಲ್ಲ? ಅದನ್ನು ಹೇಳಲು ಡಾಕ್ಟ್ರು ಬೇಕಾ?’ ಎಂದು ಕೇಳಿದ್ದು. ಅವತ್ತು ಮನೆಯಲ್ಲಿ ಸೇಮಿಗೆ ಪಾಯಸ ಕೂಡ ಆಯಿತು.

ನರದ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕಿದ ದಿನವೇ ನಾದಿನಿಯ ಮಗಳ ಸೀಮಂತ ಬಂತು. ಜೋರುಂಟಲ್ಲ, ಇನ್ನೊಂದು ವಾರ ಬಿಟ್ಟು ಹೋದರಾಯಿತು ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದೆವು. ಸೀಮಂತದ ಮನೆಯಲ್ಲಿ ಹೂವಿನ ತಟ್ಟೆ ಹಿಡಿದು ಹುಡುಗಿಯ ಹತ್ತಿರ ಹೋಗುವಾಗ, ಯಾರೂ ಮುಟ್ಟದೆ, ಏನೂ ಎಡವದೆ, ನಾನು ನಿಂತ ನಿಲುವಿನಲ್ಲೇ ಬಿದ್ದುಬಿಟ್ಟೆ. ಮಲ್ಲಿಗೆಯೆಲ್ಲ ನೆಲಕ್ಕೆ ಚೆಲ್ಲಿತು. ಎತ್ತಲು ಬಂದವರ ಕೈ ಹಿಡಿಯಲು ಹೋದರೆ ನನ್ನ ಬೆರಳು ಬಿಗಿಯಾಗಲಿಲ್ಲ. ಆಗ ನಮ್ಮವರ ಮುಖ ನೋಡಿದೆ. ಅಷ್ಟು ವರ್ಷ ದೂರದಲ್ಲಿದ್ದ ಮನುಷ್ಯ, ನಾವು ಜಗಳವಾಡಿದ್ದೂ ಫೋನಿನಲ್ಲಿ, ರಾಜಿಯಾದದ್ದೂ ಫೋನಿನಲ್ಲಿ. ಹತ್ತಿರದಿಂದ ಅವರು ಹೆದರಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ನರದ ಡಾಕ್ಟರ ವೈಟಿಂಗ್ ರೂಮಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಎಲ್ಲರೂ ಬೇರೆಯವರ ನಡಿಗೆಯನ್ನೇ ನೋಡುತ್ತಾರೆ. ಒಳಗೆ ಹೋಗುವವರ ಕಾಲು, ಹೊರಗೆ ಬರುವವರ ಕಾಲು. ತಮಗಿಂತ ಚೆನ್ನಾಗಿ ನಡೆದರೆ ಹೊಟ್ಟೆಕಿಚ್ಚು, ಕೆಟ್ಟದಾಗಿ ನಡೆದರೆ ತಮ್ಮದೂ ನಾಳೆ ಹೀಗೆಯೇ ಎಂಬ ಭಯ. ಪಕ್ಕದಲ್ಲಿ ಕೂತಿದ್ದ ಒಬ್ಬರು ಬ್ಯಾರಿ ಮುಸ್ಲಿಂ ಅಜ್ಜಿ ತಮ್ಮ ಚೀಲದಿಂದ ಒಂದು ಕಿತ್ತಳೆ ತೆಗೆದು, ಸುಲಿದು, ಅರ್ಧ ನನ್ನ ಕೈಗಿಟ್ಟರು. ನನ್ನ ಬೆರಳು ತಡವರಿಸಿದ್ದು ನೋಡಿ ಏನೂ ಕೇಳದೆ ಎಸಳು ಎಸಳಾಗಿ ಬಿಡಿಸಿ ಕೊಟ್ಟರು. ಆ ಅಜ್ಜಿಯ ಹೆಸರು ಕೇಳಲಿಲ್ಲ, ಆದರೆ ಈಗಲೂ ಕಿತ್ತಳೆ ನೋಡಿದರೆ ಅವರಿಗೆ ಒಳ್ಳೆಯದಾಗಲಿ ಎಂದುಕೊಳ್ಳುತ್ತೇನೆ.

ನರದ ಡಾಕ್ಟರು ನನ್ನದೇ ಪ್ರಾಯದ ಹೆಂಗಸು. ಮೊಣಕಾಲಿಗೆ ತಟ್ಟಿದರು, ಕಾಲು ಹಾರಿತು. ಪಾದವನ್ನು ಫಕ್ಕನೆ ಮೇಲಕ್ಕೆ ಒತ್ತಿ ಹಿಡಿದರು, ಅದು ದೇರೆಬೈಲಿನಲ್ಲಿ ಕುಣಿದ ಹಾಗೆಯೇ ಕುಣಿಯಿತು. ಅಂಗಾಲಿನ ಮೇಲೆ ಗೆರೆ ಎಳೆದರು, ಹೆಬ್ಬೆರಳು ಮೇಲೆದ್ದಿತು. ಕಣ್ಣು ಮುಚ್ಚಿಸಿ ಹೆಬ್ಬೆರಳನ್ನು ಆಡಿಸುತ್ತಾ ‘ಮೇಲಾ, ಕೆಳಗಾ?’ ಎಂದು ಕೇಳಿದರು. ನನಗೆ ಗೊತ್ತಾಗುತ್ತಿರಲಿಲ್ಲ. ಆದರೂ ಸುಮ್ಮನಿರಲು ಮನಸ್ಸು ಬಾರದೆ ‘ಮೇಲೆ’ ಎಂದು ಜೋರಾಗಿಯೇ ಹೇಳಿದೆ. ಅವರು ನಕ್ಕು, ‘ಇದು ಪರೀಕ್ಷೆ ಅಲ್ಲ, ಗೊತ್ತಿಲ್ಲ ಅಂತ ಹೇಳ್ಬಹುದು’ ಎಂದರು.

ಆಗ ನಮ್ಮವರು ಧೈರ್ಯ ತಂದುಕೊಂಡು, ‘ಆದ್ರೂ ಡಾಕ್ಟ್ರೇ, ರಿಫ್ಲೆಕ್ಸ್ ಜೋರುಂಟಲ್ವಾ?’ ಎಂದರು.

‘ಜೋರುಂಟು. ಅದೇ ತೊಂದರೆ.’

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮಗೆ ಯಾವ ಅರ್ಥ ಕೇಳಿಸಿತ್ತು ಎಂದು ಅವರಿಗೆ ಹೊಳೆಯಿತು ಕಾಣುತ್ತದೆ. ಬೈಯಲಿಲ್ಲ. ನನ್ನ ಕೆಲಸ ಏನೆಂದು ಕೇಳಿದರು, ಹೇಳಿದೆ.

‘ಹಾಗಾದ್ರೆ ನಿಮಗೆ ಹೇಳುವುದು ಸುಲಭ’ ಎಂದರು. ‘ಮೊಣಕಾಲಿಗೆ ತಟ್ಟಿದ್ರೆ ಕಾಲು ಹಾರ್ತದಲ್ಲ, ಅದು ಬೆನ್ನುಹುರಿ ತಾನೇ ಮಾಡುವ ಕೆಲಸ. ತಲೆಯ ಪರ್ಮಿಶನ್ ಬೇಡ. ಆದ್ರೆ ತಲೆ ನಿಮ್ಮ ಹಾಗೆ ಎಡದ ಸೀಟಿನಲ್ಲಿ ಕೂತು ಬ್ರೇಕ್ ಹಿಡ್ಕೊಂಡಿರ್ತದೆ, ಹೆಚ್ಚು ಹಾರದ ಹಾಗೆ. ನಿಮಗೆ ಕುತ್ತಿಗೆಯಲ್ಲಿ ಎಲ್ಲಿಯೋ ಬೆನ್ನುಹುರಿ ಅದುಮಿ ಹೋಗಿರ್ಬೇಕು. ತಲೆ ಬ್ರೇಕ್ ಒತ್ತಿದ್ರೂ ಕೆಳಗೆ ಮುಟ್ಟುವುದಿಲ್ಲ. ಅದಕ್ಕೇ ಇಷ್ಟು ಜೋರು.’

ಆಮೇಲೆ ಗುಂಯ್ ಎನ್ನುವ ಆ ಕೊಳವೆಯೊಳಗೆ ಮಲಗಿಸಿ ಸ್ಕ್ಯಾನ್ ಮಾಡಿದರು. ಡಾಕ್ಟರು ಹೇಳಿದ್ದೇ ಸರಿ. ಕುತ್ತಿಗೆಯ ಡಿಸ್ಕ್ ಹಿಂದಕ್ಕೆ ಜಾರಿ ಬೆನ್ನುಹುರಿಯ ಮೇಲೆ ಕೂತಿತ್ತು. ಆಪರೇಶನ್ ಬೇಕು. ‘ಇನ್ನೂ ಹಾಳಾಗದ ಹಾಗೆ ನಿಲ್ಲಿಸ್ಲಿಕ್ಕೆ ಆಪರೇಶನ್. ಹೋದದ್ದರಲ್ಲಿ ಎಷ್ಟು ವಾಪಸ್ ಬರ್ತದೆ ಅಂತ ನಾನು ಪ್ರಾಮಿಸ್ ಮಾಡುವುದಿಲ್ಲ. ನಡೀತೀರಿ ಅಂತ ನಂಬಿಕೆ ಉಂಟು. ಪೆಡಲ್ ವಿಷಯ ಈಗ ಕೇಳ್ಬೇಡಿ’ ಎಂದರು. ನಾನು ಕೇಳಿಯೇ ಇರಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ಅದೊಂದು ಪ್ರಶ್ನೆಯ ಹೊರತು ಬೇರೆ ಯಾವುದೂ ಇರಲಿಲ್ಲ.

ಕುತ್ತಿಗೆಯ ಮುಂಭಾಗದಿಂದ ಕೊಯ್ದು ಮಾಡುವುದರಿಂದ ಕೆಲವು ವಾರ ಸ್ವರ ಒಡೆಯಬಹುದು ಎಂದೂ ಹೇಳಿದ್ದರು. ಮಾಮಿ ಅದನ್ನು ಕೇಳಿ, ‘ಸ್ವಲ್ಪ ದಿನ ಮನೆಗೆ ವಿಶ್ರಾಂತಿ’ ಎಂದರು. ಹಾಗೆ ಹೇಳಿದವರು ಆಪರೇಶನ್ನಿನ ಬೆಳಿಗ್ಗೆ ಲವೀನಾಳನ್ನು ಕರೆದುಕೊಂಡು ಬಿಕರ್ನಕಟ್ಟೆಯ ಚರ್ಚಿಗೆ ಹೋಗಿ ಬಾಲಯೇಸುವಿನ ಮುಂದೆ ಕೂತರು. ಲವೀನಾ ಮೊದಲು ನನ್ನ ಹತ್ತಿರ ಕಲಿತವಳು, ಈಗ ನನ್ನ ಸ್ಕೂಲಿನಲ್ಲೇ ಕಲಿಸುವವಳು. ಮಾಮಿ ಮನೆದೇವರಿಗೆ ಹೇಳಿಕೊಂಡದ್ದು ಸಾಲದೆಂದು ಅಲ್ಲೂ ಹರಕೆ ಹೇಳಿದರಂತೆ: ‘ಇವಳು ತನ್ನ ಕಾಲಿನಲ್ಲೇ ನಡ್ಕೊಂಡು ಬಂದ್ರೆ ಒಂದು ಉದ್ದದ ಕ್ಯಾಂಡಲ್ ಇಡ್ತೇನೆ.’ ಹರಕೆ ಹೇಳುವಾಗಲೂ ಮಾಮಿಯ ದನಿ ಸಣ್ಣದಾಗಿರಲಿಲ್ಲ, ಇಡೀ ಸಾಲಿಗೆ ಕೇಳಿತು ಎಂದು ಲವೀನಾ ಆಮೇಲೆ ಹೇಳಿದಳು.

ಎಚ್ಚರವಾದಾಗ ಕುತ್ತಿಗೆಗೆ ಕಾಲರ್ ಇತ್ತು, ಗಂಟಲಿನಲ್ಲಿ ಬರೀ ಗಾಳಿ. ಮೊದಲು ಮಾಡಿದ್ದು ಕಾಲಿನ ಬೆರಳು ಆಡಿಸಿ ನೋಡಿದ್ದು. ಆಡಿತು. ಕೈಗೆ ಬಲ ನಿಧಾನವಾಗಿ ಬಂತು. ಕಾಲು ಮಾತ್ರ ಮೊಂಡುಹಿಡಿಯಿತು. ವಾಕರ್ ಹಿಡಿದು ಹಜಾರದ ಈ ಗೋಡೆಯಿಂದ ಆ ಗೋಡೆಗೆ ಹೋಗುವಷ್ಟರಲ್ಲಿ ಮೈಯೆಲ್ಲ ಬೆವರು. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಹಾಸಿಗೆಯಲ್ಲಿದ್ದಾಗ ನನ್ನ ಬಲಗಾಲು ಚಾದರದೊಳಗೆ ಛಂಗನೆ ಹಾರಿತು. ನಮ್ಮವರು ಓಡಿ ಬಂದು, ‘ಅಮ್ಮಾ, ಕಾರ್ ಎತ್ತಿದಳು!’ ಎಂದು ಕೂಗಿದರು. ಮಾಮಿ ಅಡುಗೆಮನೆಯಿಂದಲೇ, ‘ಯಾವ ಕಾರ್? ಅವಳಿಗೆ ಡಾಕ್ಟ್ರು ಡ್ರೈವಿಂಗ್ ಬೇಡ ಅಂದಿದ್ದಾರಲ್ಲ!’ ಎಂದು ಗದರಿದರು. ಆ ಹಾರಿಕೆ ನನ್ನದಲ್ಲ, ಬೆನ್ನುಹುರಿಯದ್ದು ಎಂದು ನನಗೆ ಗೊತ್ತಿತ್ತು. ಆದರೆ ಅವರ ಮುಖದಲ್ಲಿದ್ದ ಸಂತೋಷ ನೋಡಿ ಆ ದಿನಕ್ಕೆ ಸುಮ್ಮನಿದ್ದುಬಿಟ್ಟೆ.

ಸ್ವರವಿಲ್ಲದ ಆ ವಾರಗಳಲ್ಲಿ ನಮ್ಮವರು ನನಗೆ ಮಾಡದ ಸೇವೆ ಇಲ್ಲ. ತಲೆ ಬಾಚಿದರು, ಅದೂ ಓರೆಕೋರೆ ಬೈತಲೆ. ಗಂಜಿಗೆ ಉಪ್ಪು ಒಮ್ಮೆ ಜಾಸ್ತಿ, ಒಮ್ಮೆ ಮರೆತೇ ಹೋಗುತ್ತಿತ್ತು. ನಾನು ಕಣ್ಣಿನಲ್ಲೇ ಬೈಯುತ್ತಿದ್ದೆ. ಒಂದು ಸಂಜೆ ಕಾಲಿಗೆ ವ್ಯಾಯಾಮ ಮಾಡಿಸುತ್ತಾ ಇದ್ದವರು ನಿಲ್ಲಿಸಿ, ‘ಒಮ್ಮೆ ಬಾಯಿ ತುಂಬ ಬೈಯಿ ಮಾರಾಯ್ತಿ. ಮನೆ ಮನೆಯ ಹಾಗೆ ಇಲ್ಲ’ ಎಂದರು. ನನಗೆ ಅಳು ಬಂತು. ಒಡೆದ ಸ್ವರದಲ್ಲಿ, ‘ಉಪ್ಪು ಹಾಕ್ಲಿಕ್ಕೆ ಕಲೀರಿ’ ಎಂದೆ. ಅವರಿಗೂ ಅಳು ಬಂತು, ಇಬ್ಬರೂ ಅಳುತ್ತಾ ನಕ್ಕೆವು.

ಬಸ್ಸು ಹತ್ತಲು ನನಗೆ ಆಗುವುದಿಲ್ಲ, ಪ್ರತಿ ಸಲ ಫಿಸಿಯೋಥೆರಪಿಗೆ ರಿಕ್ಷಾದಲ್ಲಿ ಹೋದರೆ ಗುಂಡಿಗುಂಡಿಗೂ ಕುತ್ತಿಗೆ ನೋವು. ಅಷ್ಟು ವರ್ಷ ನಾನು ಕೇಳಿಕೊಂಡರೂ ಕಾರು ಕಲಿಯಲು ಒಪ್ಪದ ನಮ್ಮವರು ಒಂದು ದಿನ ಲವೀನಾಳ ಮುಂದೆ ನಿಂತು, ‘ನನಗೆ ಕಲಿಸ್ತೀಯಾ?’ ಎಂದರಂತೆ. ನನಗೆ ಗೊತ್ತಾದದ್ದು ಅವರಿಗೆ ಲೈಸೆನ್ಸ್ ಸಿಕ್ಕಿದ ಮೇಲೆ. ‘ಅಂಕಲ್ ಕ್ಲಚ್ ಬಿಡುವುದು ನೋಡಿದ್ರೆ ನೀವು ಇನ್ನೊಮ್ಮೆ ಅಡ್ಮಿಟ್ ಆಗ್ತೀರಿ ಆಂಟಿ, ಆದ್ರೆ ಪಾಪ, ಭಾರಿ ಆಸೆಯಲ್ಲಿ ಕಲ್ತಿದ್ದಾರೆ’ ಎಂದು ಲವೀನಾ ಗುಟ್ಟು ಬಿಟ್ಟಳು. ನಮ್ಮವರು ನನ್ನದೇ ಸ್ಕೂಲಿನ ಕಾರಿನಲ್ಲಿ ನನ್ನನ್ನು ಎಡದ ಸೀಟಿನಲ್ಲಿ ಕೂರಿಸಿಕೊಂಡು ಓಡಿಸತೊಡಗಿದರು. ಕಾಲಿನ ಬುಡದಲ್ಲಿ ಅವೇ ನನ್ನ ಪೆಡಲುಗಳು. ನಾನು ಪಾದವನ್ನು ಹಿಂದಕ್ಕೆ ಎಳೆದುಕೊಂಡು, ಮುಟ್ಟದ ಹಾಗೆ ಕೂರುತ್ತಿದ್ದೆ. ಕುಣಿದರೆ ಎಂಬ ಹೆದರಿಕೆ. ಬೆಳಿಗ್ಗೆ ಹೊರಡುವಾಗ ಮಾಮಿ ಬಾಗಿಲಲ್ಲಿ ನಿಂತು ‘ಕಾರ್ ಎಂಚ ಉಂಡು?’ ಎಂದು ಕೇಳುವುದು, ನಮ್ಮವರು ‘ಪೆಟ್ರೋಲ್ ಹಾಕ್ಬೇಕು’ ಎನ್ನುವುದು, ಮಾಮಿ ‘ಅವಳ ಕಾರ್ ಕೇಳಿದ್ದು!’ ಎಂದು ಬೈಯುವುದು ದಿನಚರಿಯಾಯಿತು.

ನರದ ಡಾಕ್ಟರು ಆಮೇಲೊಮ್ಮೆ ಸುತ್ತಿಗೆಯಿಂದ ತಟ್ಟಿ, ‘ಜೋರು ಸ್ವಲ್ಪ ಉಳೀತದೆ, ಪೂರ್ತಿ ಹೋಗ್ಲಿಕ್ಕಿಲ್ಲ. ಅದರೊಟ್ಟಿಗೆ ಬದುಕ್ಬೇಕು’ ಎಂದರು. ನಮ್ಮವರು ಫಕ್ಕನೆ, ‘ನಮಗೆ ಅಭ್ಯಾಸ ಉಂಟು ಡಾಕ್ಟ್ರೇ’ ಎಂದುಬಿಟ್ಟರು.

ಕೋಲು ಹಿಡಿದು ನಡೆಯುವಷ್ಟಾದ ಮೇಲೆ ಮಾಮಿ ಹರಕೆ ತೀರಿಸಲು ಅವಸರ ಮಾಡಿದರು. ಉದ್ದದ ಕ್ಯಾಂಡಲನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಬಿಕರ್ನಕಟ್ಟೆಯ ಜಂಕ್ಷನ್ ಹತ್ತಿರ ನಮ್ಮವರು, ‘ಪಾರ್ಕಿಂಗ್ ಎಲ್ಲಿ ಸಿಗ್ತದೋ’ ಎನ್ನುತ್ತಾ ಬಲಗಡೆ ನೋಡುತ್ತಿದ್ದರು. ಎಡದ ಓಣಿಯಿಂದ ಒಂದು ಸ್ಕೂಟರ್ ನುಗ್ಗಿತು. ಹಿಂದೆ ಕೂತ ಹೆಂಗಸಿನ ಕೈಯಲ್ಲಿ ಪುಟ್ಟ ಮಗು.

ನಾನು ಯೋಚಿಸಲಿಲ್ಲ. ಕಾರು ಗಕ್ಕನೆ ನಿಂತಿತು. ಸ್ಕೂಟರಿನವರು ನಮ್ಮ ಬಂಪರಿನ ಮುಂದೆಯೇ ಹಾದುಹೋದರು, ಮಗು ನಮ್ಮ ಕಡೆ ನೋಡಿ ಕೈ ಬೀಸಿತು. ನಮ್ಮವರ ಎರಡೂ ಕೈ ಸ್ಟಿಯರಿಂಗಿನ ಮೇಲೆ ಬಿಗಿದುಕೊಂಡಿದ್ದವು.

‘ನಾನು ಬ್ರೇಕ್ ಒತ್ತಲೇ ಇಲ್ಲ’ ಎಂದರು.

ಇಬ್ಬರೂ ಕೆಳಗೆ ನೋಡಿದೆವು. ನನ್ನ ಪಾದ ಪೆಡಲಿನ ಮೇಲಿತ್ತು. ನಾನು ಕಾದೆ. ಈಗ ಕುಣಿಯುತ್ತದೆ, ಈಗ ಕುಣಿಯುತ್ತದೆ ಎಂದು ಉಸಿರು ಹಿಡಿದು ನೋಡಿದೆ. ಕುಣಿಯಲಿಲ್ಲ. ಒತ್ತಿದಲ್ಲಿ ಒತ್ತಿದ ಹಾಗೆಯೇ ನಿಂತಿತ್ತು. ಇದು ಬೆನ್ನುಹುರಿ ತನ್ನಷ್ಟಕ್ಕೆ ಮಾಡಿದ ಕೆಲಸವಲ್ಲ. ನನ್ನ ಕಣ್ಣು ಕಂಡದ್ದು ತಲೆಗೆ ಹೋಗಿ, ತಲೆ ಹೇಳಿದ್ದು ಕುತ್ತಿಗೆ ದಾಟಿ, ಬೆನ್ನಿಳಿದು, ಪಾದದವರೆಗೆ ಬಂದು ಮುಟ್ಟಿತ್ತು. ನಮ್ಮವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. ಹಿಂದೆ ನಿಂತ ಬಸ್ಸು ಹಾರ್ನ್ ಬಾರಿಸುತ್ತಲೇ ಇತ್ತು.

‘ಕ್ಯಾಂಡಲ್ ತುಂಡಾಯ್ತು’ ಎಂದರು ಮಾಮಿ ಹಿಂದಿನಿಂದ. ಸ್ವಲ್ಪ ಹೊತ್ತು ಎರಡೂ ತುಂಡು ನೋಡಿ, ‘ಇರ್ಲಿ, ಎರಡು ಕಾಲಿಗೆ ಎರಡು’ ಎಂದು ತಾವೇ ಸಮಾಧಾನ ಮಾಡಿಕೊಂಡರು. ಆಮೇಲೆ ಮುಂದಕ್ಕೆ ಬಾಗಿ, ಮೆಲ್ಲಗೆ, ಅವರ ಬಾಯಿಂದ ನಾನು ಕೇಳಿಯೇ ಇರದ ಸಣ್ಣ ದನಿಯಲ್ಲಿ ಕೇಳಿದರು.

‘ಕಾರ್ ಎಂಚ ಉಂಡು?’

ಯಾವ ಕಾರ್ ಎಂದು ಈ ಸಲ ಯಾರೂ ಕೇಳಲಿಲ್ಲ.

‘ಜೋರುಂಡು ಮಾಮಿ’ ಎಂದೆ.